ಬಾವಿಗೆ ಹೋಗುವ ದಿನ

"ಇಲ್ರಿ" ಅಂದಿದ್ದಳು ಪಾರ್ವತವ್ವ. ಆದರೆ ಹಾಗನ್ನುವ ಮೊದಲು ಗಂಡನ ಮುಖ ನೋಡಿದ್ದಳು. ಬೆಳಗಿನಿಂದ ಡಾಕ್ಟರ್ ಸೀತಾರಾಮನನ್ನು ಕಾಡುತ್ತಿದ್ದದ್ದು ಆ ಉತ್ತರವಲ್ಲ, ಉತ್ತರಕ್ಕೆ ಮೊದಲಿನ ಆ ನೋಟ. ಅಜ್ಜನೊಬ್ಬನ ಎದೆಗೆ ಸ್ಟೆತಸ್ಕೋಪ್ ಒತ್ತಿ "ಉಸಿರು ಎಳೀರಿ" ಅನ್ನುವಾಗ, ಮಗುವಿನ ನಾಲಗೆ ಒತ್ತಿ ಗಂಟಲು ನೋಡುವಾಗ, ಕಂಪೌಂಡರ್ ಗಣಪ ಪರದೆ ಸರಿಸಿ ಮುಂದಿನವರನ್ನು ಕರೆಯುವಾಗ, ಅದು ಮತ್ತೆ ಬಂದು ಎದುರಿಗೆ ಕೂರುತ್ತಿತ್ತು. ಗಂಡ ಹೆಂಡತಿ ಎಕ್ಕಂಬಿಯಿಂದ ಮೊದಲನೇ ಬಸ್ಸಿಗೆ ಶಿರಸಿಗೆ ಬಂದಿದ್ದರು. ರೊಟ್ಟಿ ಬೇಯಿಸುತ್ತ ಕೂತವಳಿಗೆ ಫಿಟ್ಸ್ ಬಂದು ಎಡಗೈ ಒಲೆಯೊಳಗೆ ಹೋಗಿತ್ತು. ಹಳೇ ಸೀರೆಯ ತುಂಡು ಬಿಚ್ಚಿದಾಗ ಅಂಗೈಯಿಂದ ಮೊಣಕೈವರೆಗಿನ ಚರ್ಮ ಕಂಡು ಗಣಪ ಮುಖ ತಿರುಗಿಸಿದ. ಅವಳು ಮಾತ್ರ ತುಟಿ ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದಳು. ಗಾಯ ತೊಳೆಯುತ್ತ ತೊಳೆಯುತ್ತಲೇ ಸೀತಾರಾಮ ಕೇಳಿದ್ದ: "ಮಾತ್ರೆ ಬಿಟ್ಟಿದ್ದೀರಾ? ನಿಜ ಹೇಳಿ." ಕೇಳಿದ್ದಲ್ಲ, ಗದರಿದ್ದು. ಪರದೆಯಾಚೆ ಬೆಂಚಿನ ಮೇಲಿನ ಮಾತುಕತೆ ಥಟ್ಟನೆ ನಿಂತಿತ್ತು. ಅವಳು ಗಂಡ ಬಸಪ್ಪನ ಕಡೆ ನೋಡಿದಳು, ಬಸಪ್ಪ ಗ್ರೀಸು ಹಿಡಿದ ತನ್ನ ಉಗುರುಗಳನ್ನು ನೋಡಿಕೊಂಡ. "ಇಲ್ರಿ" ಅಂದಳು. ಹಾಗಾದರೆ ಮಾತ್ರೆಯೇ ಸಾಲುತ್ತಿಲ್ಲ ಎಂದು ಸೀತಾರಾಮ ಹೊತ್ತಿಗೆ ಒಂದರ ಬದಲು ಎರಡು ಬರೆದ. ಬರೆಯುವಾಗ ಪೆನ್ನು ಕಾಗದಕ್ಕೆ ಚುಚ್ಚಿತು. ಸಿಟ್ಟು ಯಾರ ಮೇಲೆ ಎಂದು ಆಗ ಅವನಿಗೆ ಗೊತ್ತಿರಲಿಲ್ಲ. ಚೀಟಿ ತೆಗೆದುಕೊಂಡ ಬಸಪ್ಪ ಅದನ್ನು ಕೂಡಲೇ ಮಡಿಸದೆ, ಓದಲು ಬರುವವನಂತೆ ಬಹಳ ಹೊತ್ತು ಹಿಡಿದುಕೊಂಡಿದ್ದ.

ಅವನಿಗೆ ಓದಲು ಬರುತ್ತಿತ್ತೋ ಏನೋ. ಅದೂ ತನಗೆ ಗೊತ್ತಿಲ್ಲ. ಪಾರ್ವತವ್ವನ ಮೂರ್ಛೆ ಎಷ್ಟು ಹೊತ್ತು ಇರುತ್ತದೆ, ಬರುವ ಮೊದಲು ಮೂಗಿಗೆ ಎಂಥ ವಾಸನೆ ಬರುತ್ತದೆ, ಯಾವ ಕಡೆಯ ಕೆನ್ನೆ ಮೊದಲು ಎಳೆಯುತ್ತದೆ ಎಲ್ಲ ಗೊತ್ತಿತ್ತು. ಕಳೆದ ತಿಂಗಳಷ್ಟೇ ಊರ ಡಾಕ್ಟರುಗಳೆಲ್ಲ ಹೋಟೆಲಿನ ಮಹಡಿಯಲ್ಲಿ ಸೇರಿದ್ದಾಗ ಸೀತಾರಾಮ ಇದನ್ನೆಲ್ಲ ಸ್ಲೈಡು ಹಾಕಿ ಹೇಳಿದ್ದ. ಹೆಸರು ಹೇಳದೆ, ಎಕ್ಕಂಬಿ ಕಡೆಯ ಹೆಣ್ಣುಮಗಳೊಬ್ಬಳು ಅಂತ. ವಾರಕ್ಕೆರಡು ಸಲ ಬೀಳುತ್ತಿದ್ದವಳು ಹೊಸ ಮಾತ್ರೆ ಶುರು ಮಾಡಿದ ಮೇಲೆ ವರ್ಷದಿಂದ ಬಿದ್ದಿಲ್ಲ ಅಂತ. ಚಪ್ಪಾಳೆಯಾಗಿತ್ತು. ಮಾತ್ರೆಯ ಕಂಪನಿಯ ಹುಡುಗ ಎಲ್ಲರ ತಟ್ಟೆಗೂ ಐಸ್‌ಕ್ರೀಮು ಬಂದಿದೆಯೇ ಎಂದು ನೋಡುತ್ತ ಓಡಾಡುತ್ತಿದ್ದ. ಅದಕ್ಕೂ ಮೊದಲು ಪಾರ್ವತವ್ವ ಬಂದಾಗ, "ನಿಮ್ಮಷ್ಟು ಚೆನ್ನಾಗಿ ಗುಣ ಆದವರು ನನ್ನಲ್ಲಿ ಇನ್ನೊಬ್ಬರಿಲ್ಲ" ಅಂದಿದ್ದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆ ನಗುವನ್ನು ಈಗ ಮತ್ತೆ ತಂದುಕೊಂಡರೆ ಅದರ ಕೆಳಗೆ ಬೇರೇನೋ ಇದ್ದಂತೆ ಕಾಣುತ್ತಿತ್ತು. ಏನು ಎಂದು ಹಿಡಿಯುವಷ್ಟರಲ್ಲಿ ಗಣಪ ಮತ್ತೊಬ್ಬರನ್ನು ಒಳಗೆ ಕಳಿಸುತ್ತಿದ್ದ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ. ತಾಯಿ ಸುಬ್ಬಲಕ್ಷ್ಮಿ ಎದುರಿಗೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು.

"ಎಂತದಾ ತಮಾ, ತಂಬ್ಳಿ ಸೇರ್ತಿಲ್ಯ?"

"ಸೇರ್ತು ಆಯಿ."

"ಮತ್ತೆ ನೀನು ಬರೀ ಅನ್ನ ಕಲಸ್ತಾ ಇದ್ದೆ. ಎಂತಾ ಆಜು?"

"ಎಂತೂ ಆಜಿಲ್ಲೆ."

ತಾಯಿ ಮತ್ತೆ ಕೇಳಲಿಲ್ಲ. 'ಇಲ್ಲೆ' ಅಂದದ್ದನ್ನು ಅವಳು ನಂಬಿದ್ದಲ್ಲ, ಬಿಟ್ಟುಕೊಟ್ಟದ್ದು ಎಂದು ಅವನಿಗೆ ಅನ್ನಿಸಿತು. ಇಲ್ಲ ಅನ್ನುವುದು ಎಷ್ಟು ಸುಲಭ. ಕೇಳಿದವರ ದನಿಯಲ್ಲೇ ಯಾವ ಉತ್ತರ ಬೇಕೆಂದು ಬರೆದಿರುತ್ತದೆ. ತಾನು ಬೆಳಿಗ್ಗೆ ಕೇಳಿದ ದನಿ ಯಾವುದು? ಶಾಲೆಯಲ್ಲಿ ಮನೆಗೆಲಸ ಮಾಡದ ಹುಡುಗರ ಕಿವಿ ಹಿಡಿಯುವ ಮೊದಲು ಮಾಸ್ತರರು ಕೇಳುವ ದನಿ. ಅವನು ಕೈ ತೊಳೆದು ಎದ್ದುಬಿಟ್ಟ.

ಉಮ್ಮಚಗಿಯ ಅತ್ತೆ ಯಲ್ಲಾಪುರದ ಬಸ್ಸಿನಲ್ಲಿ ಹಲಸಿನ ಹಪ್ಪಳದ ಡಬ್ಬಿ ಕಳಿಸಿದ್ದಳು. ಅದನ್ನು ಇಳಿಸಿಕೊಳ್ಳಲು ಅವನು ಬಸ್ ಸ್ಟ್ಯಾಂಡಿಗೆ ಹೋದ. ಬಿಸಿಲಿಗೆ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಎಸ್‌ಟಿಡಿ ಬೂತಿನ ನೆರಳಲ್ಲಿ ನಿಂತವನಿಗೆ ಸಿಮೆಂಟಿನ ಬೆಂಚಿನ ಮೇಲೆ ಕೂತ ಪಾರ್ವತವ್ವ ಬಸಪ್ಪರು ಕಂಡರು. ಬೆಳಿಗ್ಗೆ ಹೋದವರು ಇನ್ನೂ ಇಲ್ಲೇ. ಅವರ ಎದುರಿನಿಂದಲೇ ಎಕ್ಕಂಬಿಯ ಬಸ್ಸೊಂದು ಹೊರಟುಹೋಯಿತು, ಅವರು ಏಳಲಿಲ್ಲ. ಬಸಪ್ಪ ಚೀಟಿಯನ್ನು ಜೇಬಿನಿಂದ ತೆಗೆದು ನೋಡಿ ಮತ್ತೆ ಒಳಗಿಟ್ಟ. ಪಾರ್ವತವ್ವ ಏನೋ ಹೇಳಿದಳು, ಅವನು ತಲೆಯಾಡಿಸಿದ. ಅವಳು ಬಲಗೈಯಿಂದ ತನ್ನ ಕಿವಿಯ ಓಲೆ ಮುಟ್ಟಿ ಮತ್ತೇನೋ ಹೇಳಿದಳು. ಅವನು ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಬೆನ್ನು ಮಾಡಿ ನಿಂತ. ಸೀತಾರಾಮ ಬೂತಿನ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಕದ್ದು ನೋಡುವವನಂತೆ ನಿಂತಿದ್ದೇನೆ ಅನ್ನಿಸಿದ್ದೇ ನಾಚಿಕೆಯಾಗಿ, ನಾಚಿಕೆಯನ್ನು ಒದರಿಕೊಳ್ಳಲೆಂಬಂತೆ ನೇರ ಅವರ ಬಳಿಗೆ ನಡೆದುಬಿಟ್ಟ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಗಿ ಪಾಕೀಟು ತೆಗೆಯಿತು.

"ಮಾತ್ರೆ ತಗೊಂಡಿಲ್ಲ ಅಲ್ವಾ? ನನಗೆ ಹೇಳೋದಲ್ವಾ ಮಾರಾಯ? ತಗೊಳ್ಳಿ, ಸದ್ಯಕ್ಕೆ ಇದರಲ್ಲಿ..."

ನೋಟು ನೀಡಿದ ಕೈ ಗಾಳಿಯಲ್ಲೇ ಉಳಿಯಿತು. ಕಡಲೆ ಮಾರುವವನು, ಗಂಟು ಹೊತ್ತ ಹೆಂಗಸರು, ಟೈಮ್‌ಕೀಪರನ ಕಿಟಕಿಯ ಹತ್ತಿರ ನಿಂತ ಕಂಡಕ್ಟರು ಎಲ್ಲರೂ ನೋಡುತ್ತಿದ್ದರು. ಬಸಪ್ಪನ ಮುಖ ಕಪ್ಪಿಟ್ಟಿತು.

"ನಾವೇನ್ ಬೇಡಾಕ ಬಂದು ಕುಂತಿಲ್ರಿ ಡಾಕ್ಟ್ರ. ಬಸ್ ಕಾಯಾಕತ್ತೇವ್ರಿ."

"ಹಾಗಲ್ಲ ಬಸಪ್ಪ, ನಾನು..."

"ಏಳು" ಎಂದ ಬಸಪ್ಪ ಹೆಂಡತಿಗೆ. ಅವಳು ಎದ್ದಳು. ಬ್ಯಾಂಡೇಜಿನ ಕೈಯನ್ನು ಕೂಸಿನಂತೆ ಎದೆಗೆ ಹಿಡಿದುಕೊಂಡು ಗಂಡನ ಹಿಂದೆ ಹೋಗುವಾಗ ಒಂದು ಸಲ ಹಿಂತಿರುಗಿ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಅವನ ಬಗ್ಗೆ ಕನಿಕರವೇ ಇತ್ತೇನೋ. ಅದನ್ನಂತೂ ಅವನಿಗೆ ತಡೆಯಲಾಗಲಿಲ್ಲ. ಯಲ್ಲಾಪುರದ ಬಸ್ಸು ಬಂದು, ಜನ ಇಳಿದು, ಬಸ್ಸು ತಿರುಗಿ ನಿಂತಾಗಲೂ ಅವನು ಅಲ್ಲೇ ಇದ್ದ. ಹಪ್ಪಳದ ಡಬ್ಬಿ ಇಳಿಸಿಕೊಳ್ಳದೆ ಕ್ಲಿನಿಕ್ಕಿಗೆ ನಡೆದ.

ಸಂಜೆಯ ರೋಗಿಗಳು ಬರುವುದಕ್ಕೆ ಇನ್ನೂ ಹೊತ್ತಿತ್ತು. ಫ್ಯಾನು ಹಾಕಿ ಕೂತ, ಎದ್ದ, ಮತ್ತೆ ಕೂತ. ತಾನು ಕೊಡಲು ಹೋದದ್ದು ಅವರಿಗಾಗಿಯೋ, ಆ ಬೆಂಚಿನಿಂದ ಅವರನ್ನು ಎಬ್ಬಿಸಿ ಕಣ್ಣೆದುರಿಂದ ಕಳಿಸಿಬಿಡಲಿಕ್ಕೋ? ಇವತ್ತು ಕೊಟ್ಟರೆ ಬರುವ ತಿಂಗಳು? ಅದರ ಮುಂದಿನದು? ಈ ರೋಗದ ಮಾತ್ರೆ ಜ್ವರದ ಮಾತ್ರೆಯಂತಲ್ಲ, ವರ್ಷಗಟ್ಟಲೆ ನುಂಗಬೇಕಾದ್ದು. ಹೀಗೆಂದು ಅವನೇ ಪ್ರತಿಯೊಬ್ಬರಿಗೂ ಬೆರಳೆತ್ತಿ ಹೇಳುತ್ತಿದ್ದ: ಒಂದು ದಿನವೂ ಬಿಡಬಾರದು. ಬಿಡದೆ ಇರುವುದು ಹೇಗೆ ಎಂಬುದು ಮಾತ್ರ ಅವನ ಪಾಠದಲ್ಲಿ ಇರಲಿಲ್ಲ. ಏನೋ ಹುಡುಕುವವನಂತೆ ಮೇಜಿನ ಕೆಳಗಿನ ಡ್ರಾಯರ್ ಎಳೆದ. ಕಂಪನಿಯವರು ಬಂದಾಗಲೆಲ್ಲ ಕೊಟ್ಟುಹೋದ ಸ್ಯಾಂಪಲ್ಲುಗಳು ಹೊರಗೆ ಚೆಲ್ಲಿದವು. ವಿಟಮಿನ್ನು, ಕೆಮ್ಮಿನ ಸಿರಪ್ಪು, ನಡುವೆ ಬೆಳ್ಳಿ ಹಾಳೆಯಲ್ಲಿ ಹೊಳೆಯುವ ಅದೇ ಹೊಸ ಮಾತ್ರೆ, ಪಟ್ಟಿ ಪಟ್ಟಿ. ಕೆಲವಂತೂ ಅವಧಿ ಮುಗಿದು ಕೂತಿದ್ದವು. ಪಾರ್ವತವ್ವ ಬಂದಾಗಲೆಲ್ಲ ಅವಳ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಇವು ಇಲ್ಲೇ ಇದ್ದವು.

ಇದಕ್ಕಿಂತ ಎಷ್ಟೋ ಅಗ್ಗದ ಮಾತ್ರೆಯೊಂದಿದೆ, ಹಳೆಯದು. ಸ್ವಲ್ಪ ಮಂಪರು ತರುತ್ತದೆ, ಬುದ್ಧಿಯನ್ನು ಒಂದಿಷ್ಟು ಮಂದ ಮಾಡುತ್ತದೆ. ಆದರೆ ಅನೇಕರಲ್ಲಿ ಫಿಟ್ಸನ್ನು ತಡೆಯುತ್ತದೆ. ಸೀತಾರಾಮ ಅದನ್ನು ಬರೆಯುವುದನ್ನೇ ಬಿಟ್ಟಿದ್ದ. ಊರಿನ ಔಷಧದಂಗಡಿಗಳಲ್ಲೂ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಲಾಭ ಕಡಿಮೆ, ಸರಕಾರಕ್ಕೆ ಲೆಕ್ಕ ತೋರಿಸುವ ತಾಪತ್ರಯ ಬೇರೆ. ಸಿಗುವುದೆಂದರೆ ಸರಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಉಲ್ಲಾಸ ಇದ್ದಾನೆ. ಕಾಲೇಜಿನಲ್ಲಿ ಇವನಿಗಿಂತ ಎರಡು ವರ್ಷ ಚಿಕ್ಕವನು. ಸಭೆಯಲ್ಲಿ ಇವನು ಸ್ಲೈಡು ತೋರಿಸುವಾಗ ಹಿಂದಿನ ಸಾಲಿನಿಂದ ಎದ್ದು, "ಇದನ್ನ ತಿಂಗಳಿಗೆಷ್ಟು ಕೊಟ್ಟು ತಗೊಳ್ತಾರೆ ಸಾರ್ ಅವರು?" ಎಂದು ಕೇಳಿದವನು. "ಅದು ಇವತ್ತಿನ ವಿಷಯ ಅಲ್ಲ" ಎಂದು ಇವನು ನಕ್ಕಿದ್ದ, ಉಳಿದವರೂ ನಕ್ಕಿದ್ದರು. ಗಣಪನಿಗೆ ಹೇಳದೆ ಸ್ಕೂಟರು ತೆಗೆದ ಸೀತಾರಾಮ ಸರಕಾರಿ ಆಸ್ಪತ್ರೆಯ ಗೇಟಿನ ಮುಂದೆ ನಿಧಾನ ಮಾಡಿ, ಮುಂದೆ ಹೋಗಿ, ತಿರುಗಿಸಿಕೊಂಡು ಬಂದ.

ಉಲ್ಲಾಸ ವಾರ್ಡಿನ ಬಾಗಿಲಲ್ಲಿ ನಿಂತೇ ಪೂರ್ತಿ ಕೇಳಿದ.

"ಮಾತ್ರೆ ಇದೆ. ಈಗೀಗ ನಿಲ್ಲದೆ ಬರ್ತಾ ಇದೆ. ಆದರೆ ಇಲ್ಲಿಯ ಪೇಷೆಂಟ್ ಅಂತ ಚೀಟಿ ಮಾಡಿಸ್ಬೇಕು. ನಿಮ್ಮ ಕ್ಲಿನಿಕ್ಕಿನ ಕಾಗದಕ್ಕೆ ಕೊಡೋಕೆ ಬರೋದಿಲ್ಲ."

"ಅಂದರೆ ನಿಮ್ಮ ಪೇಷೆಂಟ್ ಆಗ್ಬೇಕು."

"ಹೆಸರಿಗೆ. ನೋಡೋದು ಇಬ್ಬರೂ ನೋಡೋಣ. ಅದರಲ್ಲೇನು?" ಎಂದ ಉಲ್ಲಾಸ. ಸಭೆಯ ಮಾತನ್ನು ಅವನು ತೆಗೆಯಲಿಲ್ಲ. ತೆಗೆದಿದ್ದರೆ ಸೀತಾರಾಮನಿಗೆ ಹಗುರಾಗುತ್ತಿತ್ತು. ತನ್ನ ಅತ್ಯುತ್ತಮ ರೋಗಿಯನ್ನು ಈ ಸುಣ್ಣ ಉದುರುವ ಗೋಡೆಗಳ ನಡುವೆ ಕೈಯಾರೆ ತಂದು ಬಿಡುವುದನ್ನು ನೆನೆದು ಅವನು ಹಿಂಜರಿದ. ಆ ಹಿಂಜರಿಕೆ ಯಾವುದಕ್ಕೆಂದು ಗೊತ್ತಾದಾಗ ಇನ್ನಷ್ಟು ಕುಗ್ಗಿದ. ಅವಳನ್ನು ಕಳೆದುಕೊಳ್ಳುವುದಲ್ಲ, ಅವಳು ಗುಣವಾದದ್ದು ತನ್ನಿಂದ ಎಂಬುದನ್ನು ಕಳೆದುಕೊಳ್ಳುವುದು.

ಮರುದಿನ ಬೆಳಿಗ್ಗೆ ಎಕ್ಕಂಬಿಗೆ ಹೋದ. ಬಸಪ್ಪನ ಸೈಕಲ್ ರಿಪೇರಿ ಅಂಗಡಿ ರಸ್ತೆ ಪಕ್ಕದಲ್ಲೇ ಇತ್ತು, ಹಿಂದೆ ಮನೆ. ಬಸಪ್ಪ ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದ. ಸ್ಕೂಟರು ನಿಂತದ್ದು ಕಂಡರೂ ಕೂಡಲೇ ಏಳಲಿಲ್ಲ. ತೂತು ಸಿಕ್ಕಿದ ಮೇಲೆ ಅಲ್ಲಿ ಬೆರಳೊತ್ತಿ, ಟ್ಯೂಬನ್ನು ಬದಿಗಿಟ್ಟು, ಕೈ ಒರೆಸಿಕೊಂಡು ಎದ್ದ.

"ನಿನ್ನೆ ಜನರ ಎದುರು ಹಾಗೆ ಮಾಡಬಾರದಿತ್ತು ಬಸಪ್ಪ. ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಗದರಿದ್ದೂ ತಪ್ಪೇ."

ಬಸಪ್ಪ ರಸ್ತೆಯ ಕಡೆ ನೋಡಿದ. "ಕುಂದರ್ರಿ" ಅಂದ. ಸ್ಟೂಲನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ ಮುಂದಿಟ್ಟ. ಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. ಪಾರ್ವತವ್ವನ ಜೊತೆ ಅತ್ತೆ ದ್ಯಾವಮ್ಮನೂ ಬಾಗಿಲಿಗೆ ಬಂದಳು. ದಾರಿಯುದ್ದಕ್ಕೂ ಸೀತಾರಾಮ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದನಿಯಲ್ಲಿ ಹೇಳಿಕೊಳ್ಳುತ್ತ ಬಂದಿದ್ದ.

"ಈ ಮಾತ್ರೆ ತಗೊಳ್ಳೋ ಎಷ್ಟೋ ಜನರಿಗೆ ತಿಂಗಳ ಪೂರ್ತಿ ಸಾಕಾಗೋದಿಲ್ಲ. ಬೆಲೆ ಹಾಗಿದೆ. ಅದು ತಗೊಳ್ಳೋರ ತಪ್ಪಲ್ಲ, ಬರೆಯೋರು ಯೋಚನೆ ಮಾಡ್ಬೇಕಾದ್ದು. ನಿಮಗೆ ಹೇಗಾಗ್ತಿತ್ತು?"

ಪಾರ್ವತವ್ವ ಈ ಸಲ ಗಂಡನನ್ನು ನೋಡಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತ ಹೇಳಿದಳು.

"ಮೊದಲ ಒಂದ್ ನಾಕ್ ತಿಂಗಳಾ ದಿನಾ ತಗೊಂಡೇನ್ರಿ. ಆಮ್ಯಾಲೆ ಬಾವಿಗೆ ಹೋಗೂ ದಿನಾ ತಗೋತಿದ್ನಿರಿ. ಹೊಲಕ್ಕ ಹೋಗೂ ದಿನಾ ತಗೋತಿದ್ನಿ. ಸಂತಿಗೆ ಹೋಗೂ ದಿನಾ, ನಾಕ್ ಮಂದ್ಯಾಗ ಬಿದ್ರ ಹೆಂಗಾಗ್ತೈತ್ರಿ ಅಂತ ತಗೋತಿದ್ನಿ. ಮನ್ಯಾಗ ಇರೂ ದಿನಾ ಬಿಡ್ತಿದ್ನಿರಿ. ಮನ್ಯಾಗ ಬಿದ್ರ ನೆಲಾನ ಐತಲ್ರಿ, ಎಬ್ಬಸಾಕ ಅತ್ತಿ ಅದಾರ. ಒಲಿ ಮುಂದ ನಾ ಕುಂದರಾಂಗಿಲ್ಲ, ಅತ್ತೀನ ರೊಟ್ಟಿ ಮಾಡ್ತಾರ. ಮೊನ್ನಿ ಅವರು ಊರಿಗೆ ಹೋಗಿದ್ರು. ಇವರು ಹಸದಿದ್ರು."

ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನು ಹೋಗಬಾರದಿತ್ತು ಅಂತ ಅವಳೂ, ತನಗೆ ಹಸಿವಾಗಬಾರದಿತ್ತು ಅಂತ ಬಸಪ್ಪನೂ ಅಂದುಕೊಳ್ಳುತ್ತಿರುವಂತೆ ಸೀತಾರಾಮನಿಗೆ ಕಂಡಿತು. ಎಲ್ಲರೂ ತಪ್ಪನ್ನು ಸ್ವಲ್ಪ ಸ್ವಲ್ಪ ಹಂಚಿಕೊಂಡು ಹೊತ್ತಿದ್ದರು, ಅವನ ಪಾಲನ್ನೂ. ತಾನು ಹೋಟೆಲಿನ ಮಹಡಿಯಲ್ಲಿ ಹೇಳಿಕೊಂಡ ಆ ವರ್ಷದಲ್ಲಿ ಅವಳು ಮನೆಯ ನೆಲದ ಮೇಲೆ ಎಷ್ಟು ಸಲ ಬಿದ್ದಿರಬಹುದು?

"ಹಾಗಾದರೆ ಮನೆಯಲ್ಲಿ ಬೀಳ್ತಿದ್ರಿ."

"ಆಗಾಗ್ಗೆ ರಿ."

"ನನಗೆ ಯಾಕೆ ಹೇಳಲಿಲ್ಲ?"

ಅವಳು ಈಗ ತಲೆ ಎತ್ತಿದಳು. "ನೀವು ಭಾಳ ಖುಷಿಯಾಗಿದ್ರಿ ನೋಡ್ರಿ. ಗುಣಾ ಆತು, ಗುಣಾ ಆತು ಅಂತಿದ್ರಿ. ಹೆಂಗ್ ಹೇಳೂದ್ರಿ?"

ಸೀತಾರಾಮ ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಹಳೇ ಮಾತ್ರೆಯ ಬಗ್ಗೆ ಹೇಳಿದ. ಏನನ್ನೂ ಸಿಹಿ ಮಾಡದೆ ಹೇಳಿದ. ನಿದ್ದೆ ಬಂದಂತೆ ಆಗುತ್ತದೆ, ಮೊದಲ ದಿನಗಳಲ್ಲಿ ಜಾಸ್ತಿ. ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗದಿದ್ದರೆ ಬೇರೆ ದಾರಿ ನೋಡೋಣ. ಆದರೆ ದಿನಕ್ಕೊಂದು ಸಲ, ಮಲಗುವಾಗ ನುಂಗಿದರಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಡಾಕ್ಟರ್ ಉಲ್ಲಾಸರಿಗೆ ಹೇಳಿಯಾಗಿದೆ. ಹೊಸದನ್ನು ಒಮ್ಮೆಲೇ ನಿಲ್ಲಿಸಬಾರದು, ಎರಡನ್ನೂ ಕೆಲವು ವಾರ ಜೊತೆಗೆ ತೆಗೆದುಕೊಂಡು, ಹೊಸದನ್ನು ಮೆಲ್ಲಗೆ ಇಳಿಸಬೇಕು. ಅಷ್ಟು ದಿನಕ್ಕೆ ಸಾಕಾಗುವಷ್ಟು ಹೊಸ ಮಾತ್ರೆಯನ್ನು ಅವನು ಚೀಲದಿಂದ ತೆಗೆದ, ಅವಧಿ ಮೀರದವನ್ನೇ ರಾತ್ರಿ ಆರಿಸಿ ಇಟ್ಟಿದ್ದ.

"ಇದಕ್ಕ ರೊಕ್ಕಾ?" ಎಂದ ಬಸಪ್ಪ.

"ಕಂಪನಿಯವರು ತೋರಿಸಲಿಕ್ಕೆ ಅಂತ ಬಿಟ್ಟುಹೋಗೋದು. ನಾನೂ ಕೊಟ್ಟಿಲ್ಲ."

ಬಸಪ್ಪ ಪಟ್ಟಿಯನ್ನು ತಿರುಗಿಸಿ, ಮಾರುವಂತಿಲ್ಲ ಎಂದು ಇಂಗ್ಲಿಷಿನಲ್ಲಿದ್ದ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಆಮೇಲೆ ಹೆಂಡತಿಯ ಕೈಗೆ ಕೊಟ್ಟ. "ಚಾ ಮಾಡ್ಲಿ ಇರ್ರಿ" ಎಂದ. ಸೀತಾರಾಮನಿಗೆ ಹೊತ್ತಾಗಿತ್ತು, ಕ್ಲಿನಿಕ್ಕಿನ ಮುಂದೆ ಜನ ನೆರೆದಿರುತ್ತಾರೆ. ಆದರೂ ಕೂತ. ಚಹಾ ಮಾಡಲು ಒಳಗೆ ಹೋದದ್ದು ದ್ಯಾವಮ್ಮ.

ಹಳೇ ಮಾತ್ರೆ ಪಾರ್ವತವ್ವನಲ್ಲಿ ಪವಾಡವೇನೂ ಮಾಡಲಿಲ್ಲ. ಮೊದಲ ವಾರಗಳಲ್ಲಿ ಅಕ್ಕಿ ಆರಿಸುತ್ತ ಕೂತಲ್ಲೇ ತೂಕಡಿಸುತ್ತಿದ್ದಳು. ಬೈಗುಳ ತಿಂದೆನೆಂದು ಅವಳೇ ಬಂದು ನಗುತ್ತ ಹೇಳಿದಳು. ಮಳೆಗಾಲದಲ್ಲಿ ಒಮ್ಮೆ ನಿದ್ದೆಯಲ್ಲಿ ಫಿಟ್ಸ್ ಬಂತು. ಸೀತಾರಾಮನೂ ಉಲ್ಲಾಸನೂ ಕೂತು ಪ್ರಮಾಣ ಸ್ವಲ್ಪ ಏರಿಸಿದರು. ಆಮೇಲೆ ಬರಲಿಲ್ಲ. ಬರಲಿಲ್ಲ ಎಂದು ಅವಳು ಅಂದಾಗ ಅವನು ಖುಷಿ ತೋರಿಸಲು ಹೆದರಿದ. "ಬಂದರೂ ಬಂತು ಅಂತ ಹೇಳಿ, ನನಗೆ ಬೇಜಾರಿಲ್ಲ" ಅಂದ. ಸುಟ್ಟ ಕೈಯ ಎರಡು ಬೆರಳು ಮಾತ್ರ ಪೂರ್ತಿ ಚಾಚಲಾರದೆ ಒಳಗೆ ಮಡಿಚಿಕೊಂಡೇ ಉಳಿದವು. ಅದಕ್ಕೆ ಅವನಲ್ಲಿ ಮಾತ್ರೆಯಿರಲಿಲ್ಲ. ಓಲೆಗಳು ಕಿವಿಯಲ್ಲೇ ಇದ್ದವು.

ಕ್ಲಿನಿಕ್ಕಿನಲ್ಲಿ ಪರದೆಯಿದ್ದ ಕಡೆ ಅವನು ಮರದ ಬಾಗಿಲು ಮಾಡಿಸಿದ. ಫಿಟ್ಸಿಗೆ ಬಂದವರು ಯಾರೇ ಆಗಲಿ, ಬಾಗಿಲು ಮುಂದೆ ಮಾಡಿ, ಎಕ್ಕಂಬಿಯ ದಾರಿಯಲ್ಲಿ ಹೇಳಿಕೊಂಡ ಆ ಪ್ರಶ್ನೆಯನ್ನು ಕೇಳತೊಡಗಿದ. ಕೇಳುವುದು ಅಭ್ಯಾಸವಾಗಲಿಲ್ಲ. ಪ್ರತಿ ಸಲವೂ ನಾಲಗೆ ತೊಡರುತ್ತಿತ್ತು, ಯಾರದೋ ಮನೆಯ ಅಡುಗೆಕೋಣೆಗೆ ಕೇಳದೆ ಇಣುಕಿದಂತೆ. ಕಂಪನಿಯ ಹುಡುಗ ಬರುವುದನ್ನು ಕಡಿಮೆ ಮಾಡಿದ. ಬಂದಾಗ ಸೀತಾರಾಮ ನಾಚಿಕೆಯಿಲ್ಲದೆ ಸ್ಯಾಂಪಲ್ಲು ಕೇಳುತ್ತಿದ್ದ.

ಕಾನಸೂರಿನ ಗೌರಕ್ಕ, ಫಿಟ್ಸಿಗೆ ಇವನಲ್ಲೇ ತೋರಿಸುತ್ತಿದ್ದ ಮಗಳು ಅಭಿಜ್ಞಾಳನ್ನು ಮತ್ತೆ ಕರೆದುಕೊಂಡು ಬಂದದ್ದು ಆ ವರ್ಷದ ಕೊನೆಗೆ. ಗಂಡ ಹೋದ ಮೇಲೆ ಮೈದುನನ ಮನೆಯಲ್ಲೇ ಇದ್ದವಳು. ಒಳ್ಳೆಯ ಜಮೀನಿರುವ ಮನೆತನ, ಬರುವುದೂ ಮನೆಯ ಜೀಪಿನಲ್ಲೇ. ಕಾಲೇಜು ಓದುವ ಹುಡುಗಿಗೆ ಹಳೇ ಮಾತ್ರೆಯ ಮಂಪರು ಬೇಡವೆಂದು ಅವನು ಹೊಸದನ್ನೇ ಬರೆದಿದ್ದ, ಹುಡುಗಿ ಚೆನ್ನಾಗಿಯೇ ಇದ್ದಳು. ಇವರನ್ನು ಕೇಳುವ ಅಗತ್ಯವಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಕೇಳಿದ. ಗೌರಕ್ಕ ಬೆನ್ನು ನೆಟ್ಟಗೆ ಮಾಡಿದಳು.

"ಯಂಗಳ ಮನೆಲಿ ಔಷಧಕ್ಕೆ ಕಡಮೆ ಮಾಡದು ಹೇಳಿ ಇಲ್ಲೆ ಡಾಕ್ಟ್ರೇ. ಯಾರು ಎಂತಾ ಹೇಳಿದ್ದ ನಿಂಗಕ್ಕೆ?"

"ತಪ್ಪು ತಿಳ್ಕಳಡಿ ಗೌರಕ್ಕಾ. ಆನು ಎಲ್ಲರ ಹತ್ರನೂ ಕೇಳ್ತೆ."

"ಎಲ್ಲರ ಹತ್ರ ಕೇಳಿ. ಯಂಗಳ ಹತ್ರ ಕೇಳದು ಬೇಡ." ಅವಳು ಚೀಲ ಎತ್ತಿಕೊಂಡು ಎದ್ದಳು. ಮುಖ ಕೆಂಪಾಗಿತ್ತು. ಸೀತಾರಾಮ ತಾನೂ ಎದ್ದು ನಿಂತ. ಅಭಿಜ್ಞಾ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಆನು ಮಾತ್ರೆ ಬಿಟ್ಟಿದ್ನಿಲ್ಲೆ" ಅಂದಳು ಹುಡುಗಿ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ. "ಆಯಿ ತನ್ನ ಬಿ.ಪಿ. ಮಾತ್ರೆ ಬಿಟ್ಟಿದ್ದು. ಎರಡಕ್ಕೂ ದುಡ್ಡು ಚಿಕ್ಕಪ್ಪನ ಹತ್ರ ಕೇಳದು ಹ್ಯಾಂಗೆ ಹೇಳಿ. ಯಾರ ಹತ್ರನೂ ಹೇಳಡ ಹೇಳಿತ್ತು ಯಂಗೆ."

"ಸುಮ್ನಿರೇ ಕೂಸೆ!"

ಆದರೆ ಅದನ್ನು ಗೌರಕ್ಕ ಗಟ್ಟಿಯಾಗಿ ಹೇಳಲಿಲ್ಲ. ಬಾಗಿಲ ಚಿಲಕದ ಮೇಲೆ ಅವಳ ಕೈ ಇತ್ತು. ಆಚೆ ಗಣಪ ಯಾರಿಗೋ ಕಾಯಲು ಹೇಳುವುದು ಕೇಳಿಸುತ್ತಿತ್ತು. ಸೀತಾರಾಮ ಕಪಾಟಿನಿಂದ ಬಿ.ಪಿ. ನೋಡುವ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು, ಮುಚ್ಚಳ ತೆರೆದು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದ. ಗೌರಕ್ಕ ಬಹಳ ಹೊತ್ತಿನ ಮೇಲೆ ತಿರುಗಿ ಬಂದು ಕೂತಳು. ಚೀಲವನ್ನು ಮಡಿಲಲ್ಲಿಟ್ಟುಕೊಂಡು, ರವಿಕೆಯ ತೋಳನ್ನು ತಾನೇ ಮೇಲೆ ಸರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೈ ಚಾಚಿದಳು.